ಬಿಗಿದ ಕಾಲಿಗೆ ಕತ್ತರಿ: ನರಕ್ಕೋ, ಸ್ನಾಯುವಿಗೋ?

ಸೆರೆಬ್ರಲ್ ಪಾಲ್ಸಿಯಿಂದ, ಅಂದರೆ ಎಳವೆಯಲ್ಲೇ ಮಿದುಳಿಗಾದ ಪೆಟ್ಟಿನಿಂದ, ಕಾಲು ಬಿಗಿದು ತುದಿಗಾಲಲ್ಲಿ ನಡೆಯುವ ಮಗುವನ್ನು ಅಂಗಾತ ಮಲಗಿಸಿ, ಮಂಡಿ ನೇರವಾಗಿಟ್ಟು, ಪಾದವನ್ನು ಮೆಲ್ಲಗೆ ಮೇಲಕ್ಕೆ ಒತ್ತಬೇಕು. ಆಮೇಲೆ ಅದೇ ಪಾದವನ್ನು ಸರಕ್ಕನೆ ಒತ್ತಬೇಕು. ಮೆಲ್ಲಗೆ ಒತ್ತಿದಾಗ ಪಾದ ಎಲ್ಲಿಯವರೆಗೆ ಬಂತು, ಸರಕ್ಕನೆ ಒತ್ತಿದಾಗ ಎಲ್ಲಿ ತಟ್ಟನೆ ಹಿಡಿದುಕೊಂಡಿತು ಎಂಬ ಎರಡು ಕೋನಗಳಲ್ಲಿ ಶಸ್ತ್ರಚಿಕಿತ್ಸೆಯ ಅರ್ಧ ತೀರ್ಮಾನ ಇದೆ. ಇದು ಟಾರ್ಡ್ಯೂ ಪರೀಕ್ಷೆ. ತಟ್ಟನೆ ಹಿಡಿದ ಕೋನ ಆರ್1, ಮೆಲ್ಲಗೆ ತಲುಪಿದ ಕೋನ ಆರ್2.

ಪಾದ ಕಾಲಿಗೆ 90 ಡಿಗ್ರಿಯಲ್ಲಿ ಇರುವುದನ್ನು ‘ನೇರ’ ಎನ್ನೋಣ. ಒಂದು ಮಗುವಿಗೆ ಆರ್2 ನೇರಕ್ಕಿಂತ 10 ಡಿಗ್ರಿ ಮೇಲೆ, ಆರ್1 ನೇರಕ್ಕಿಂತ 20 ಡಿಗ್ರಿ ಕೆಳಗೆ ಬಂತು ಅನ್ನಿ. ನಡುವೆ 30 ಡಿಗ್ರಿ ಅಂತರ. ಈ ಮಗುವಿನ ಮೀನಖಂಡದ ಉದ್ದ ಸಾಕಷ್ಟಿದೆ, ಅದನ್ನು ಬಿಗಿ ಹಿಡಿಸುತ್ತಿರುವುದು ನರಮಂಡಲ. ಇನ್ನೊಂದು ಮಗುವಿಗೆ ಮೆಲ್ಲಗೆ ಒತ್ತಿದರೂ ನೇರಕ್ಕಿಂತ 15 ಡಿಗ್ರಿ ಕೆಳಗೇ ನಿಂತಿತು, ಸರಕ್ಕನೆ ಒತ್ತಿದರೆ 20 ಡಿಗ್ರಿ ಕೆಳಗೆ. ಅಂತರ ಬರೀ 5. ಇಲ್ಲಿ ಸ್ನಾಯುವೇ ಗಿಡ್ಡವಾಗಿದೆ. ನರಕ್ಕೆ ಏನೇ ಮಾಡಿದರೂ ಆ ಹಿಮ್ಮಡಿ ನೆಲ ಮುಟ್ಟುವುದಿಲ್ಲ. ಅರಿವಳಿಕೆ ಕೊಟ್ಟು ನೋಡಿದರೆ ಮೊದಲನೆಯ ಮಗುವಿನ ಪಾದ ಸಡಿಲವಾಗಿ ಮೇಲೆ ಬರುತ್ತದೆ, ಎರಡನೆಯದು ಹಾಗೇ ನಿಂತಿರುತ್ತದೆ. ನಡೆಯುವಾಗ ಮಾತ್ರ ಇಬ್ಬರೂ ಒಂದೇ ಥರ ಕಾಣುತ್ತಾರೆ.

ಹಲವು ಕಡೆ ಫೈಲಿನಲ್ಲಿ ಬಿಗಿತಕ್ಕೆ ಕೊಡುವ ಅಶ್‌ವರ್ತ್ ಅಂಕಿ ಮಾತ್ರ ಇರುತ್ತದೆ, ‘ಅಶ್‌ವರ್ತ್ 3’ ಎಂದು. ಕೈಗೆ ಎಷ್ಟು ಗಟ್ಟಿ ಸಿಕ್ಕಿತು ಎಂದಷ್ಟೇ ಅದು ಹೇಳುತ್ತದೆ. ಆ ಗಟ್ಟಿತನ ಎಲ್ಲಿಂದ ಬಂತು ಎಂದು ಹೇಳುವುದಿಲ್ಲ. ಅಷ್ಟನ್ನೇ ನಂಬಿ ಆಪರೇಷನ್‌ಗೆ ಒಪ್ಪುವುದು ಅವಸರ.

ನರಮಂಡಲದಿಂದ ಬರುವ ಬಿಗಿತಕ್ಕೆ ಸ್ಪಾಸ್ಟಿಸಿಟಿ ಎನ್ನುತ್ತಾರೆ. ಅದು ಹುಟ್ಟುವ ಬಗೆ ಹೀಗೆ. ಸ್ನಾಯು ಎಳೆದುಕೊಂಡಾಗ ಅದರೊಳಗಿನ ಸಂವೇದಕಗಳು ಬೆನ್ನುಹುರಿಗೆ ಸುದ್ದಿ ಕಳಿಸುತ್ತವೆ, ಬೆನ್ನುಹುರಿ ‘ಸಂಕುಚಿಸು’ ಎಂದು ಅದೇ ಸ್ನಾಯುವಿಗೆ ಆಜ್ಞೆ ಮರಳಿಸುತ್ತದೆ. ಮಂಡಿಗೆ ಸುತ್ತಿಗೆ ತಟ್ಟಿದಾಗ ಕಾಲು ಚಿಮ್ಮುವುದು ಇದರಿಂದಲೇ. ಆರೋಗ್ಯವಂತರಲ್ಲಿ ಮಿದುಳು ಮೇಲಿಂದ ಈ ಸರಪಳಿಯನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಲ್ಲಿ ಮಿದುಳಿನ ಕುಹರಗಳ ಪಕ್ಕದ ಬಿಳಿಭಾಗಕ್ಕೆ ಪೆಟ್ಟಾದರೆ, ಮೊದಲು ಕೆಡುವುದು ಕಾಲಿಗೆ ಹೋಗುವ ಎಳೆಗಳು. ಅವು ಕುಹರಕ್ಕೆ ಎಲ್ಲಕ್ಕಿಂತ ಹತ್ತಿರ ಹಾದುಹೋಗುತ್ತವೆ. ಕೈಗೆ ಅಷ್ಟಾಗಿ ತೊಂದರೆಯಿಲ್ಲದೆ ಎರಡೂ ಕಾಲು ಬಿಗಿಯುವ ಸ್ಪಾಸ್ಟಿಕ್ ಡೈಪ್ಲೀಜಿಯಾ ಬರುವುದು ಹೀಗೆ. ಮಗು ಕತ್ತರಿಗಾಲು ಹಾಕುತ್ತದೆ, ತುದಿಗಾಲಲ್ಲಿ ನಿಲ್ಲುತ್ತದೆ, ಚಕ್ಕಳಮಕ್ಕಳ ಹಾಕಲಾಗದೆ ಮಂಡಿ ಮಡಿಸಿ ಎರಡೂ ಪಾದ ಹೊರಚಾಚಿ ಅವುಗಳ ನಡುವೆ ಕೂರುತ್ತದೆ.

ಬಿಗಿತದ ಜೊತೆಗೆ ಇನ್ನೊಂದು ಇರುತ್ತದೆ, ಅದು ಕಣ್ಣಿಗೆ ಬೀಳುವುದಿಲ್ಲ: ಬಲಹೀನತೆ. ಮಿದುಳಿನ ಆಜ್ಞೆ ಪೂರ್ತಿ ತಲುಪದ ಸ್ನಾಯು ಬಿಗಿಯಾಗಿದ್ದರೂ ದುರ್ಬಲವೇ. ಕೆಲವು ಮಕ್ಕಳು ನಿಲ್ಲುವುದೇ ಆ ಬಿಗಿತದ ಆಸರೆಯಲ್ಲಿ. ಅದನ್ನು ತೆಗೆದರೆ ಕಾಲು ಮೆತ್ತಗಾಗುತ್ತದೆ, ಮಗು ನಿಲ್ಲುವುದೂ ನಿಂತುಹೋಗುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುಂಚೆ ಬಿಗಿತ ಅಳೆದಷ್ಟೇ ಶ್ರದ್ಧೆಯಿಂದ ಬಲವನ್ನೂ ಅಳೆಯಬೇಕು. ಗಿಡ್ಡ ಸ್ಟೂಲಿನಿಂದ ಕೈ ಊರದೆ ಏಳುತ್ತದೆಯೇ, ಮಂಡಿಯೂರಿ ಸೊಂಟ ನೆಟ್ಟಗಿಟ್ಟು ನಿಲ್ಲುತ್ತದೆಯೇ, ಮಂಡಿ ಮಡಿಸದೆ ಪಾದವನ್ನಷ್ಟೇ ಮೇಲೆತ್ತಬಲ್ಲದೇ ಎಂದು ನೋಡಲು ಯಾವ ಯಂತ್ರವೂ ಬೇಡ.

ನರದ ಕಡೆಯ ಶಸ್ತ್ರಚಿಕಿತ್ಸೆಗಳಲ್ಲಿ ಮುಖ್ಯವಾದದ್ದು ಸೆಲೆಕ್ಟಿವ್ ಡಾರ್ಸಲ್ ರೈಜಾಟಮಿ, ಎಸ್‌ಡಿಆರ್. ಬೆನ್ನುಹುರಿಗೆ ಸುದ್ದಿ ತರುವ ಸಂವೇದನಾ ಬೇರುಗಳಲ್ಲಿ ಅತಿರೇಕದ ಎಳೆಗಳನ್ನು ಆರಿಸಿ ಕತ್ತರಿಸುವುದು. ಆಲೋಚನೆ ಹೊಸದಲ್ಲ. 1898ರಲ್ಲಿ ಬ್ರಿಟಿಷ್ ಶರೀರವಿಜ್ಞಾನಿ ಶೆರಿಂಗ್‌ಟನ್, ಪ್ರಯೋಗಕ್ಕಾಗಿ ಸೆಡೆಯುವಂತೆ ಮಾಡಿದ್ದ ಬೆಕ್ಕಿನ ಕಾಲಿನ ಹಿಂಬೇರುಗಳನ್ನು (ಸಂವೇದನಾ ಬೇರುಗಳನ್ನು) ಕತ್ತರಿಸಿದರೆ ಸೆಡೆತ ಹೋಗುತ್ತದೆ ಎಂದು ತೋರಿಸಿದ್ದರು. ಹತ್ತು ವರ್ಷಗಳ ನಂತರ ಆಗ ಜರ್ಮನಿಯಲ್ಲಿದ್ದ ಬ್ರೆಸ್ಲಾವ್‌ನ ವೈದ್ಯ ಓಟ್‌ಫ್ರಿಡ್ ಫೋರ್ಸ್ಟರ್ ಅದನ್ನು ಮನುಷ್ಯರ ಮೇಲೆ ಮಾಡಿಸಿದರು. ಅವರು ಇಡೀ ಬೇರನ್ನೇ ಕತ್ತರಿಸಿದ್ದರಿಂದ ಬಿಗಿತದ ಜೊತೆ ಸ್ಪರ್ಶವೂ ಹೋಗುತ್ತಿತ್ತು, ವಿಧಾನ ಮೂಲೆಗೆ ಸೇರಿತು. 1960ರ ದಶಕದಲ್ಲಿ ಫ್ರಾನ್ಸಿನ ಮೊಂಪೆಲಿಯೆಯಲ್ಲಿ ಗ್ರೋ ಬೇರನ್ನು ಎಳೆಗಳಾಗಿ ಬಿಡಿಸಿ ಸ್ವಲ್ಪ ಭಾಗ ಮಾತ್ರ ಕತ್ತರಿಸಿದರು. 1970ರ ದಶಕದಲ್ಲಿ ಟ್ಯೂರಿನ್‌ನ ಫಸಾನೋ ವಿದ್ಯುತ್ ಪ್ರಚೋದನೆಯಿಂದ ಎಳೆಗಳನ್ನು ಆರಿಸುವ ಕ್ರಮ ತಂದರು. 1980ರ ದಶಕದ ಆರಂಭದಲ್ಲಿ ಕೇಪ್‌ಟೌನ್‌ನ ವಾರ್ವಿಕ್ ಪೀಕಾಕ್ ಛೇದವನ್ನು ಬೆನ್ನಿನ ಕೆಳಭಾಗಕ್ಕೆ ಇಳಿಸಿದರು. ಪ್ರತಿ ಬೇರು ಹೊರಬೀಳುವ ರಂಧ್ರ ಅಲ್ಲಿ ಕಾಣುವುದರಿಂದ ಮೂತ್ರ ಮತ್ತು ಮಲ ವಿಸರ್ಜನೆಯ ಬೇರುಗಳನ್ನು ಗುರುತಿಸಿ ಬಿಡುವುದು ಸಲೀಸಾಯಿತು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಟಿ.ಎಸ್. ಪಾರ್ಕ್ 1990ರ ದಶಕದಿಂದ ಬೆನ್ನುಹುರಿ ಮುಗಿಯುವ ಜಾಗದಲ್ಲಿ ಒಂದೇ ಕಶೇರುವಿನ ಕಮಾನು ತೆರೆದು ಮಾಡುವ ವಿಧಾನವನ್ನು ಬಳಕೆಗೆ ತಂದರು. ಬ್ರಿಟನ್‌ನ ಅನೇಕ ಕುಟುಂಬಗಳು ಚಂದಾ ಎತ್ತಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದವು. ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆ ಇದನ್ನು ತನ್ನ ಖರ್ಚಿಗೆ ಸೇರಿಸಿಕೊಂಡದ್ದು 2018ರಲ್ಲಿ.

ಥಿಯೇಟರಿನಲ್ಲಿ ನಡೆಯುವುದು ಇಷ್ಟು. ಮಗು ಬೋರಲು ಮಲಗಿರುತ್ತದೆ. ತೊಡೆಯ ಒಳಭಾಗ, ಮುಂಭಾಗ, ಹಿಂಭಾಗ, ಮೊಣಕಾಲಿನ ಕೆಳಗೆ ಮುಂದೆ, ಮೀನಖಂಡ ಹೀಗೆ ಎರಡೂ ಕಾಲಿನ ಸ್ನಾಯುಗಳಿಗೂ ಗುದದ ಸ್ನಾಯುವಿಗೂ ಇಎಂಜಿ ಸೂಜಿಗಳು, ಅಂದರೆ ಸ್ನಾಯುವಿನ ವಿದ್ಯುತ್ ಮಿಡಿತವನ್ನು ಪರದೆಗೆ ತರುವ ಸೂಜಿಗಳು. ಅರಿವಳಿಕೆ ವೈದ್ಯರು ಉಸಿರುನಳಿಕೆ ಹಾಕುವಾಗ ಅಲ್ಪಾವಧಿಯ ಸ್ನಾಯು ಸಡಿಲಕ ಕೊಡುತ್ತಾರೆ, ಆಮೇಲೆ ಕೊಡುವಂತಿಲ್ಲ. ಕೊಟ್ಟರೆ ಮುಂದಿನ ಪರೀಕ್ಷೆಗೆ ಯಾವ ಸ್ನಾಯುವೂ ಉತ್ತರಿಸುವುದಿಲ್ಲ. ಅರಿವಳಿಕೆ ಅನಿಲ ಹೆಚ್ಚಾದರೂ ಉತ್ತರ ಮಂಕಾಗುತ್ತದೆ, ನಿಜವಾಗಿ ಕೆಟ್ಟ ಎಳೆಯೂ ಸಭ್ಯವಾಗಿ ಕಾಣುತ್ತದೆ. ಕಮಾನು ತೆಗೆದು, ಅಲ್ಟ್ರಾಸೌಂಡ್‌ನಲ್ಲಿ ಬೆನ್ನುಹುರಿಯ ತುದಿ ಎಲ್ಲಿದೆ ಎಂದು ಖಚಿತ ಮಾಡಿಕೊಂಡು, ಹೊರಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಸೀಳುತ್ತಾರೆ. ಹಿಂದೆ ಸಂವೇದನೆಯ ಬೇರು, ಮುಂದೆ ಚಲನೆಯ ಬೇರು. ನೋಟದಿಂದ ಬೇರ್ಪಡಿಸಿದ ಮೇಲೂ ವಿದ್ಯುತ್ತಿನಿಂದ ತಾಳೆ ನೋಡುತ್ತಾರೆ: ಚಲನೆಯ ಬೇರು ತೀರಾ ಸಣ್ಣ ಪ್ರವಾಹಕ್ಕೇ ಸ್ನಾಯುವನ್ನು ಚಿಮ್ಮಿಸುತ್ತದೆ, ಸಂವೇದನೆಯದಕ್ಕೆ ಹಲವು ಪಟ್ಟು ಬೇಕು. ಇಲ್ಲಿ ತಪ್ಪಿದರೆ ಕಾಲಿನ ಸ್ವಾಧೀನವೇ ಹೋಗುತ್ತದೆ.

ಸೊಂಟಭಾಗದ ಎರಡನೆಯ ಬೇರಿನಿಂದ ತ್ರಿಕಾಸ್ಥಿಯ ಮೊದಲ ಬೇರಿನವರೆಗೆ ಒಂದೊಂದು ಕಡೆ ಐದು ಬೇರು. ಪ್ರತಿಯೊಂದನ್ನೂ ಮೂರರಿಂದ ಐದು ಎಳೆಗಳಾಗಿ ಬಿಡಿಸುತ್ತಾರೆ. ಎರಡೂ ಕಡೆ ಸೇರಿ 30ರಿಂದ 50 ಎಳೆ. ಪ್ರತಿ ಎಳೆಯನ್ನೂ ಎರಡು ಕೊಕ್ಕೆಗಳ ಮೇಲೆ ಎತ್ತಿ ಹಿಡಿದು, ಸೆಕೆಂಡಿಗೆ 50 ಸಲದಂತೆ ಒಂದು ಸೆಕೆಂಡ್ ಪ್ರಚೋದನೆ. ಸಭ್ಯ ಎಳೆ ಒಮ್ಮೆ ಮಿಡಿದು ಸುಮ್ಮನಾಗುತ್ತದೆ, ಅಂಕ ಸೊನ್ನೆ. ತನ್ನ ಹಂತದ ಸ್ನಾಯುಗಳಲ್ಲೇ ಮಿಡಿತ ಮುಂದುವರಿದರೆ 1, ಪಕ್ಕದ ಹಂತಕ್ಕೆ ಹಬ್ಬಿದರೆ 2, ಇಡೀ ಕಾಲಿಗೆ ಹಬ್ಬಿದರೆ 3, ಎದುರು ಕಾಲಿಗೂ ದಾಟಿದರೆ 4. ಪರದೆಯಲ್ಲಿ ಅಲೆ ಏಳುತ್ತಿರುವಾಗಲೇ ಹೊದಿಕೆಯ ಅಡಿಯಲ್ಲಿ ಫಿಸಿಯೋಥೆರಪಿಸ್ಟ್ ಕಾಲಿನ ಮೇಲೆ ಕೈಯಿಟ್ಟು ಯಾವ ಸ್ನಾಯು ಗಟ್ಟಿಯಾಯಿತು ಎಂದು ಕೂಗಿ ಹೇಳುವ ಪದ್ಧತಿ ಹಲವೆಡೆ ಇದೆ. 3, 4 ಬಂದ ಎಳೆಗಳಿಗೆ ಕತ್ತರಿ. ಒಟ್ಟು ಸುಮಾರು ಅರ್ಧದಿಂದ ಮೂರನೇ ಎರಡು ಭಾಗ ಹೋಗುತ್ತದೆ. ಕೆಲವು ಕೇಂದ್ರಗಳು ಇನ್ನೂ ಕಡಿಮೆ ಕತ್ತರಿಸುತ್ತವೆ. ಪ್ರತಿ ಬೇರಿನಲ್ಲೂ ಒಂದಾದರೂ ಎಳೆ ಉಳಿಸುವುದರಿಂದ, ಅಕ್ಕಪಕ್ಕದ ಬೇರುಗಳ ಸ್ಪರ್ಶವಲಯಗಳು ಒಂದರ ಮೇಲೊಂದು ಹರಡಿರುವುದರಿಂದ ಚರ್ಮದ ಸ್ಪರ್ಶ ಬಹುಮಟ್ಟಿಗೆ ಉಳಿಯುತ್ತದೆ.

ಈ ‘ಆಯ್ಕೆ’ಯ ಬಗ್ಗೆ ತಜ್ಞರಲ್ಲಿ ಒಮ್ಮತ ಇಲ್ಲ. ಒಂದೇ ಎಳೆಯನ್ನು ಎರಡು ಸಲ ಪ್ರಚೋದಿಸಿದರೆ ಎರಡು ಬೇರೆ ಅಂಕ ಬರಬಹುದು. ಎಷ್ಟು ಪ್ರಮಾಣ ಕತ್ತರಿಸಿದರು ಎನ್ನುವುದೇ ಫಲಿತಾಂಶ ನಿರ್ಧರಿಸುತ್ತದೆ, ಯಾವುದನ್ನು ಆರಿಸಿದರು ಎನ್ನುವುದಲ್ಲ ಎಂಬ ವಾದವೂ ಇದೆ. ಕಾಲುಗಳಲ್ಲಿ ಯಾವುದು ಹೆಚ್ಚು ಬಿಗಿ, ಯಾವ ಹಂತದಲ್ಲಿ ಹೆಚ್ಚು ಬೇಕು ಎಂದು ಅಳತೆ ಕಾಯ್ದುಕೊಳ್ಳಲಾದರೂ ಇಎಂಜಿ ಉಪಯುಕ್ತ ಎನ್ನುವುದು ಸಮಂಜಸ ನಿಲುವು.

ಯಾರಿಗೆ ಮಾಡಬೇಕು ಎನ್ನುವುದರಲ್ಲಿ ಗೊಂದಲ ಕಡಿಮೆ. ವಯಸ್ಸು ಸುಮಾರು 4ರಿಂದ 8, ಅವಧಿಪೂರ್ವ ಜನನ, ಎಂಆರ್‌ಐನಲ್ಲಿ ಕುಹರಗಳ ಪಕ್ಕದ ಗಾಯ, ಚಲನೆಯ ಸಾಮರ್ಥ್ಯ ಹೇಳುವ ಜಿಎಂಎಫ್‌ಸಿಎಸ್ ಅಳತೆಯ ಐದು ಹಂತಗಳಲ್ಲಿ 2 ಅಥವಾ 3, ಅಂದರೆ ತಾನೇ ಅಥವಾ ವಾಕರ್ ಹಿಡಿದು ನಡೆಯುವ ಮಗು. ಕಾಲಿನಲ್ಲಿ ಬಲ ಇರಬೇಕು, ಸೊಂಟದ ಕೀಲು ಜಾರಿರಬಾರದು, ಹೇಳಿದ್ದನ್ನು ಕೇಳಿ ವ್ಯಾಯಾಮ ಮಾಡುವಷ್ಟು ತಿಳಿವಳಿಕೆ ಇರಬೇಕು. ಡಿಸ್ಟೋನಿಯಾ ಇದ್ದರೆ ಬೇಡ. ಅದು ಮಗು ಅತ್ತಾಗ, ಮಾತಾಡಲು ಹೊರಟಾಗ ಮೈ ತಿರುಚಿಕೊಳ್ಳುವ, ನಿದ್ದೆಯಲ್ಲಿ ಮಾಯವಾಗುವ ಬಿಗಿತ. ಮಿದುಳಿನ ಒಳಗಂಟುಗಳಿಂದ ಬರುತ್ತದೆ. ಎಸ್‌ಡಿಆರ್ ಅದಕ್ಕೆ ನಾಟುವುದಿಲ್ಲ, ಮೇಲಿನ ಸ್ಪಾಸ್ಟಿಸಿಟಿ ಹೋದ ಮೇಲೆ ಅದೇ ಎದ್ದು ಕಾಣತೊಡಗುತ್ತದೆ.

ಆಪರೇಷನ್ ಆದ ಮೇಲೆ ಎರಡು ಮೂರು ದಿನ ಮಗು ಚಪ್ಪಟೆ ಮಲಗಿರಬೇಕು, ಹೊಲಿದ ಪೊರೆಯಿಂದ ಮಿದುಳುದ್ರವ ಜಿನುಗದಿರಲೆಂದು. ಎದ್ದಾಗ ತಲೆನೋವು ಬಂದು ಮಲಗಿದಾಗ ಇಳಿದರೆ, ಬ್ಯಾಂಡೇಜು ನೀರಾದರೆ ಕೂಡಲೇ ಹೇಳಬೇಕು. ಅಂಗಾಲು ಕೆಲವು ವಾರ ಅತಿಸೂಕ್ಷ್ಮವಾಗಿರುತ್ತದೆ, ಸಾಕ್ಸ್ ತಾಗಿದರೂ ಮಗು ಕಿರುಚಬಹುದು, ಬರಬರುತ್ತಾ ಇಳಿಯುತ್ತದೆ. ಮೂತ್ರ ಕೆಲವು ದಿನ ಕಟ್ಟಬಹುದು. ಮನೆಯವರು ಹೆದರುವುದು ಇವಕ್ಕಲ್ಲ. ‘ಮೊದಲು ನಿಲ್ಲುತ್ತಿದ್ದ ಮಗು ಈಗ ನಿಲ್ಲುತ್ತಿಲ್ಲ’ ಎಂದು. ಬಿಗಿತದ ಆಸರೆ ಹೋಗಿ ಒಳಗಿನ ಬಲಹೀನತೆ ಬಯಲಾದದ್ದು ಇದು, ಇದನ್ನು ಮೊದಲೇ ಹೇಳಿಟ್ಟಿರಬೇಕು. ಮೊದಲ ಆರು ತಿಂಗಳು ವಾರಕ್ಕೆ ನಾಲ್ಕೈದು ದಿನ ಫಿಸಿಯೋ, ಆಮೇಲೆ ಕನಿಷ್ಠ ಆರು ತಿಂಗಳು ವಾರಕ್ಕೆ ಮೂರು ದಿನ. ಎಳೆದಾಡಿಸುವ ವ್ಯಾಯಾಮಕ್ಕಿಂತ ಬಲ ಕಟ್ಟುವ ವ್ಯಾಯಾಮಕ್ಕೆ ಒತ್ತು: ಕೂತು ಏಳುವುದು, ಮೆಟ್ಟಿಲು ಹತ್ತುವುದು, ಪಕ್ಕಕ್ಕೆ ಹೆಜ್ಜೆ. ಆರಂಭದ ವಾರಗಳಲ್ಲಿ ಬೆನ್ನನ್ನು ತಿರುಚುವ ಯಾವ ಭಂಗಿಯೂ ಕೂಡದು.

ಫಲಿತಾಂಶದ ವಿಷಯದಲ್ಲಿ ನಿರೀಕ್ಷೆ ನೆಲದ ಮೇಲಿರಲಿ. ಟೊರಾಂಟೊ, ವ್ಯಾಂಕೂವರ್, ಸಿಯಾಟಲ್‌ನ ಮೂರು ಪ್ರಯೋಗಗಳನ್ನು ಒಟ್ಟುಮಾಡಿ 2002ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಬಿಗಿತ ಸ್ಪಷ್ಟವಾಗಿ ಇಳಿದಿತ್ತು. ಆದರೆ ನಡೆ, ನಿಲುವಿನ ಸಾಮರ್ಥ್ಯ ಬರೀ ಫಿಸಿಯೋ ಪಡೆದವರಿಗಿಂತ ನೂರಕ್ಕೆ ಸುಮಾರು 4 ಅಂಕ ಮಾತ್ರ ಹೆಚ್ಚಿತ್ತು. ಕೇಪ್‌ಟೌನ್‌ನ ಮಕ್ಕಳನ್ನು 20 ವರ್ಷ ಹಿಂಬಾಲಿಸಿ ನೋಡಿದಾಗ ನಡಿಗೆಯಲ್ಲಿನ ಸುಧಾರಣೆ ಉಳಿದಿತ್ತು. ಸ್ವೀಡನ್‌ನಲ್ಲಿ 10 ವರ್ಷ ನೋಡಿದ ಮಕ್ಕಳಲ್ಲಿ ಬಿಗಿತ ಇಳಿದೇ ಇದ್ದರೂ ಕೀಲುಗಳ ಚಲನೆ ಮತ್ತೆ ಕುಗ್ಗಿತ್ತು. ನಮ್ಮ ಮಟ್ಟಿಗೆ ಈ ವಿಷಯದಲ್ಲಿ ಅತಿ ಮುಖ್ಯ ಮಾಹಿತಿ ಇದೇ. ಸ್ಪಾಸ್ಟಿಸಿಟಿ ತೆಗೆದುಬಿಟ್ಟರೆ ಸ್ನಾಯು ಗಿಡ್ಡವಾಗುವುದು ನಿಲ್ಲುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಹಾಗಾಗುವುದಿಲ್ಲ. ಮೂಳೆ ಬೆಳೆದಷ್ಟು ವೇಗವಾಗಿ ಈ ಸ್ನಾಯು ಬೆಳೆಯುವುದೇ ಇಲ್ಲ. ಎಸ್‌ಡಿಆರ್ ಆದ ಹಲವು ಮಕ್ಕಳಿಗೆ ಮುಂದೆ ಮೂಳೆ ವೈದ್ಯರ ಕೆಲಸವೂ ಬೀಳುತ್ತದೆ, ಅದು ಮೊದಲನೆಯದರ ಸೋಲಲ್ಲ.

ಈಗ ಸ್ನಾಯುವಿನ ಕಡೆಗೆ. ಅತಿ ಹಳೆಯದು, ಅತಿ ಸುಲಭದ್ದು, ಅತಿ ಹೆಚ್ಚು ಹಾನಿ ಮಾಡಿರುವುದು ಹಿಮ್ಮಡಿಯ ಅಕಿಲಿಸ್ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಉದ್ದ ಮಾಡುವುದು. ಹತ್ತಿಪ್ಪತ್ತು ನಿಮಿಷದ ಕೆಲಸ, ಮರುದಿನವೇ ಹಿಮ್ಮಡಿ ನೆಲಕ್ಕೆ, ಎಲ್ಲರಿಗೂ ಖುಷಿ. ಎರಡು ಮೂರು ವರ್ಷ ಕಳೆದ ಮೇಲೆ ಅದೇ ಮಗು ಮಂಡಿ ಬಗ್ಗಿಸಿ, ಕುಕ್ಕರುಗಾಲಿನಂತೆ ಕುಗ್ಗಿ ನಡೆಯುತ್ತಿರುತ್ತದೆ. ಕಾರಣ ಮೀನಖಂಡದ ರಚನೆಯಲ್ಲಿದೆ. ಅಲ್ಲಿ ಎರಡು ಸ್ನಾಯು: ಮೇಲಿನ ಗ್ಯಾಸ್ಟ್ರಾಕ್ನೀಮಿಯಸ್ ಮಂಡಿಯನ್ನೂ ದಾಟುತ್ತದೆ, ಒಳಗಿನ ಸೋಲಿಯಸ್ ದಾಟುವುದಿಲ್ಲ. ಎರಡೂ ಸೇರಿದ ಟೆಂಡನ್ ಅಕಿಲಿಸ್. ನಿಂತಾಗ ಮೊಣಕಾಲಿನ ಕೆಳಗಿನ ಮೂಳೆ ಮುಂದಕ್ಕೆ ವಾಲದಂತೆ ಹಿಡಿದು ಮಂಡಿ ನೇರ ಇಡುವುದು ಸೋಲಿಯಸ್. ಅದರ ನಾರುಗಳು ಬಲು ಗಿಡ್ಡ, ಟೆಂಡನ್ ಸ್ವಲ್ಪ ಹೆಚ್ಚು ಉದ್ದವಾದರೂ ಬಲ ಬಹಳ ಇಳಿಯುತ್ತದೆ. ಡೈಪ್ಲೀಜಿಯಾದಲ್ಲಿ ಸಾಮಾನ್ಯವಾಗಿ ಗಿಡ್ಡವಾಗಿರುವುದು ಗ್ಯಾಸ್ಟ್ರಾಕ್ ಮಾತ್ರ. ಅಕಿಲಿಸ್ ಕೊಯ್ದರೆ ತಪ್ಪಿಲ್ಲದ ಸೋಲಿಯಸ್‌ಗೂ ಶಿಕ್ಷೆ.

ಪತ್ತೆ ಮಾಡುವುದು ಸಿಲ್ವರ್‌ಸ್ಕಿಯೋಲ್ಡ್ ಪರೀಕ್ಷೆಯಿಂದ. ಮಂಡಿ ಮಡಿಸಿದಾಗ ಪಾದ ಮೇಲೆ ಬಂದು, ನೇರ ಮಾಡಿದಾಗ ಬರದಿದ್ದರೆ ಗ್ಯಾಸ್ಟ್ರಾಕ್ ಒಂದೇ ಗಿಡ್ಡ. ಎರಡೂ ಭಂಗಿಯಲ್ಲಿ ಬರದಿದ್ದರೆ ಸೋಲಿಯಸ್ಸೂ. ಹಿಮ್ಮಡಿಯನ್ನು ಸ್ವಲ್ಪ ಒಳಕ್ಕೆ ತಿರುಗಿಸಿ ಹಿಡಿದೇ ಒತ್ತಬೇಕು. ಹಾಗೆ ಹಿಡಿಯದಿದ್ದರೆ ಪಾದದ ನಡುಭಾಗ ಮುರಿದಂತೆ ಬಾಗಿ, ಗಿಣ್ಣು ಬಾಗಿತೆಂಬ ಭ್ರಮೆ ಕೊಡುತ್ತದೆ. ಗ್ಯಾಸ್ಟ್ರಾಕ್ ಒಂದೇ ಆದರೆ ಮೀನಖಂಡದ ಮಟ್ಟದಲ್ಲಿ ಅದರ ಪೊರೆಯನ್ನಷ್ಟೇ ಬಿಡಿಸುವ ಸ್ಟ್ರೇಯರ್ ವಿಧಾನ ಸಾಕು. ಆರು ವರ್ಷದೊಳಗಿನ ಮಗುವಿನ ಎರಡೂ ಅಕಿಲಿಸ್ ಒಟ್ಟಿಗೆ ಉದ್ದ ಮಾಡೋಣ ಎಂದರೆ ಇನ್ನೊಬ್ಬರ ಅಭಿಪ್ರಾಯ ಕೇಳುವುದು ಒಳ್ಳೆಯದು. ಆ ವಯಸ್ಸಿನಲ್ಲಿ ಬೊಟಾಕ್ಸ್ ಚುಚ್ಚುಮದ್ದು, ವಾರ ಎರಡು ವಾರಕ್ಕೊಮ್ಮೆ ಬದಲಿಸುವ ಪ್ಲಾಸ್ಟರ್, ಪಾದ ಮತ್ತು ಗಿಣ್ಣನ್ನು ಹಿಡಿದಿಡುವ ಎಎಫ್‌ಒ ಆಸರೆ ಇವುಗಳಲ್ಲೇ ಕಾಲ ತಳ್ಳಬಹುದು. ಬೊಟಾಕ್ಸ್ ಕೆಲಸ ಮಾಡುವುದು ಮೂರು ನಾಲ್ಕು ತಿಂಗಳು, ಅದೂ ನರದ ಬಿಗಿತದ ಮೇಲೆ ಮಾತ್ರ.

ಈ ವರ್ಷ ಹಿಮ್ಮಡಿ, ಮುಂದಿನ ವರ್ಷ ಮಂಡಿ, ಅದರ ಮುಂದಿನ ವರ್ಷ ಸೊಂಟ ಎಂದು ಪ್ರತಿ ಹುಟ್ಟುಹಬ್ಬವನ್ನೂ ಆಸ್ಪತ್ರೆಯಲ್ಲೇ ಕಳೆಯಿಸುವ ಪದ್ಧತಿಯನ್ನು ಟೊರಾಂಟೊದ ಮರ್ಸರ್ ರ್‍ಯಾಂಗ್ ‘ಬರ್ತ್‌ಡೇ ಸಿಂಡ್ರೋಮ್’ ಎಂದು ಲೇವಡಿ ಮಾಡಿದ್ದರು. ಈಗಿನ ಕ್ರಮ, 8ರಿಂದ 12 ವಯಸ್ಸಿನ ನಡುವೆ, ಸಾಧ್ಯವಾದರೆ ನಡಿಗೆ ವಿಶ್ಲೇಷಣಾ ಲ್ಯಾಬಿನಲ್ಲಿ ಅಳೆದು, ಎಲ್ಲವನ್ನೂ ಒಂದೇ ಸಲ ಸರಿಪಡಿಸುವುದು: ಸೊಂಟದ ಸೋಆಸ್ ಸ್ನಾಯು, ತೊಡೆಸಂದಿನ ಅಡಕ್ಟರ್, ತೊಡೆ ಹಿಂದಿನ ಹ್ಯಾಮ್‌ಸ್ಟ್ರಿಂಗ್, ಗ್ಯಾಸ್ಟ್ರಾಕ್, ಜೊತೆಗೆ ಒಳಕ್ಕೆ ತಿರುಚಿಕೊಂಡ ತೊಡೆಮೂಳೆ ಇದ್ದರೆ ಅದನ್ನು ಕತ್ತರಿಸಿ ತಿರುಗಿಸಿ ಪ್ಲೇಟ್ ಹಾಕುವುದು. ಮೂಳೆಯ ತಿರುಚು ಯಾವ ವ್ಯಾಯಾಮಕ್ಕೂ, ಯಾವ ನರದ ಆಪರೇಷನ್‌ಗೂ ಬಗ್ಗುವುದಿಲ್ಲ.

ಇಲ್ಲಿ ಮೊದಲ ಎರಡು ರಾತ್ರಿ ಕಣ್ಣಿಡಬೇಕಾದ ಎರಡು ಸಂಗತಿ. ಬಗ್ಗಿಯೇ ಇದ್ದ ಮಂಡಿಯನ್ನು ಹ್ಯಾಮ್‌ಸ್ಟ್ರಿಂಗ್ ಬಿಡಿಸಿ ಒಂದೇ ಏಟಿಗೆ ನೇರ ಮಾಡಿ ಪಟ್ಟಿ ಬಿಗಿದರೆ ಹಿಂದಿನ ಸಯಾಟಿಕ್ ನರ ಎಳೆದುಕೊಳ್ಳುತ್ತದೆ. ಪಾದದ ಮೇಲೆ ಉರಿ, ಹೆಬ್ಬೆರಳು ಎತ್ತಲಾಗದಿರುವುದು ಅದರ ಲಕ್ಷಣ. ತಕ್ಷಣ ಮಂಡಿ ಬಗ್ಗಿಸಿ ಇಡಬೇಕು, ಬೆಳಗಿನ ರೌಂಡ್ಸ್ ಕಾಯಬಾರದು. ಬೆನ್ನಿಗೆ ಎಪಿಡ್ಯೂರಲ್ ನೋವುನಿವಾರಕ ಹರಿಯುತ್ತಿದ್ದರೆ ಮಗು ಉರಿ ಎಂದು ಹೇಳುವುದೇ ಇಲ್ಲ; ಆಗ ಬೆರಳಿನ ಚಲನೆ, ಬಣ್ಣ, ಬಿಸಿ ನೋಡಿಯೇ ತಿಳಿಯಬೇಕು. ಎರಡನೆಯದು ಪ್ಲಾಸ್ಟರಿನೊಳಗೆ ಹಿಮ್ಮಡಿ ಹುಣ್ಣು. ಹಿಮ್ಮಡಿಯ ಕೆಳಗಲ್ಲ, ಮೀನಖಂಡದ ಕೆಳಗೆ ದಿಂಬು ಕೊಟ್ಟು ಹಿಮ್ಮಡಿ ಗಾಳಿಯಲ್ಲಿ ತೂಗುವಂತೆ ಇಡಬೇಕು. ಪ್ಲಾಸ್ಟರಿನಿಂದ ಕೆಟ್ಟ ವಾಸನೆ ಬಂದರೆ ಕಿಟಕಿ ಕೊಯ್ಯಿಸಿ ನೋಡಲೇಬೇಕು.

ನಡೆಯಲಾರದ, ಮೈಯೆಲ್ಲಾ ಬಿಗಿಯುವ ಮಕ್ಕಳಿಗೆ, ಬಿಗಿತ ಸಡಿಲಿಸುವ ಬ್ಯಾಕ್ಲೊಫೆನ್ ಔಷಧದ ಪಂಪ್ ಇದೆ. ಹೊಟ್ಟೆಯ ಚರ್ಮದಡಿ ಕೂತು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಮೈಕ್ರೋಗ್ರಾಂ ಲೆಕ್ಕದಲ್ಲಿ ಔಷಧ ಹರಿಸುತ್ತದೆ. ಮೊದಲು 50 ಮೈಕ್ರೋಗ್ರಾಂ ಚುಚ್ಚಿ ಪರೀಕ್ಷೆ. ಕೆಲವು ತಿಂಗಳಿಗೊಮ್ಮೆ ತುಂಬಿಸಲೇಬೇಕು, ಬ್ಯಾಟರಿ ಐದಾರು ವರ್ಷಕ್ಕೆ ಮುಗಿದರೆ ಹೊಸ ಪಂಪ್. ತುಂಬಿಸುವುದು ತಪ್ಪಿದರೆ ತುರಿಕೆ, ಜ್ವರ, ಭೀಕರ ಬಿಗಿತ, ಪ್ರಾಣಾಪಾಯವೂ ಹೌದು. ತುಂಬಿಸುವ ಆಸ್ಪತ್ರೆ ಇಡೀ ದಿನದ ಪ್ರಯಾಣದಷ್ಟು ದೂರವಿದ್ದರೆ ಇದಕ್ಕೆ ಕೈಹಾಕದಿರುವುದೇ ಮೇಲು. ಪಾರ್ಶ್ವವಾಯು ಹೊಡೆದು ಒಂದೇ ಪಾದ ಒಳತಿರುಗಿದ ವಯಸ್ಕರಿಗೆ, ಮಂಡಿ ಹಿಂದೆ ಟಿಬಿಯಲ್ ನರದ ಕವಲುಗಳನ್ನು ಭಾಗಶಃ ಕತ್ತರಿಸುವ ನ್ಯೂರೋಟಮಿ ಚಿಕ್ಕದಾದ, ಒಳ್ಳೆಯ ದಾರಿ. ಮೊದಲು ಆ ನರಕ್ಕೆ ಅರಿವಳಿಕೆ ಚುಚ್ಚಿ ಕೆಲವು ಗಂಟೆ ನಡೆಸಿ ನೋಡಿದರೆ ಫಲ ಹೇಗಿರಬಹುದೆಂದು ಮುಂಚೆಯೇ ಗೊತ್ತಾಗುತ್ತದೆ.

ಯಾವ ದಾರಿ ಹಿಡಿದರೂ ಸೊಂಟದ ಎಕ್ಸ್-ರೇ ಬಿಡುವಂತಿಲ್ಲ. ನಡೆಯುವ ಮಗುವಿಗೂ, ನೋವಿಲ್ಲದಿದ್ದರೂ. ತೊಡೆಮೂಳೆಯ ತಲೆ ಗುಳಿಯಿಂದ ಶೇಕಡಾ 30ಕ್ಕಿಂತ ಹೆಚ್ಚು ಹೊರಬಂದಿದ್ದರೆ ಅಪಾಯದ ಗೆರೆ ದಾಟಿತೆಂದು ಅರ್ಥ. ಬೇಗ ಸಿಕ್ಕರೆ ಅಡಕ್ಟರ್ ಬಿಡಿಸಿ ತಡೆಯಲು ನೋಡಬಹುದು, ತಡವಾದರೆ ಮೂಳೆ ಕತ್ತರಿಸಬೇಕಾಗುತ್ತದೆ.

ಖರ್ಚಿನ ಕಡೆ, ಕೇಂದ್ರ ಸರಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ಸೆರೆಬ್ರಲ್ ಪಾಲ್ಸಿ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಅದಕ್ಕೆ ಅಂಗವೈಕಲ್ಯ ಪ್ರಮಾಣಪತ್ರ ಬೇಕು. ದೊಡ್ಡ ಆಪರೇಷನ್‌ಗೆ ಅದು ಸಾಲದು. ಥೆರಪಿಗಾಗಿ ಉಳಿಸಿಕೊಂಡರೆ ಹೆಚ್ಚು ಉಪಯೋಗ. ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕದಂಥ ಸಂಸ್ಥೆಗಳಿವೆ, ಜಿಲ್ಲೆಗಳಲ್ಲಿ ಮಕ್ಕಳ ಶೀಘ್ರ ಪತ್ತೆ ಕೇಂದ್ರಗಳಿವೆ. ಆಪರೇಷನ್ ದಿನಾಂಕಕ್ಕಿಂತ ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು ವಾರಕ್ಕೆ ನಾಲ್ಕು ದಿನ ಮಗುವನ್ನು ನೋಡುವ ಫಿಸಿಯೋಥೆರಪಿಸ್ಟ್ ಯಾರು, ಅವರು ಎಷ್ಟು ದೂರ ಎನ್ನುವುದನ್ನು.

ನಮ್ಮಲ್ಲಿ ಹೆಚ್ಚಿನವರು ‘ಏಪ್ರಿಲ್ ರಜೆಯಲ್ಲಿ ಮಾಡಿಸಿಬಿಡೋಣ, ಜೂನ್‌ಗೆ ಸ್ಕೂಲು’ ಎಂದು ಲೆಕ್ಕ ಹಾಕುತ್ತಾರೆ. ಮೂಳೆ, ಸ್ನಾಯು ಎರಡಕ್ಕೂ ಕೈಹಾಕಿದರೆ ಪ್ಲಾಸ್ಟರ್ ಬಿಚ್ಚುವುದೇ ಸುಮಾರು ಆರು ವಾರಕ್ಕೆ, ಜೂನ್ ಬರುವಾಗ ಮಗು ಅತಿ ದುರ್ಬಲ ಘಟ್ಟದಲ್ಲಿರುತ್ತದೆ. ಮೊದಲಿನ ಮಟ್ಟಕ್ಕೆ ಮರಳಲು ಆರೇಳು ತಿಂಗಳು, ಲಾಭ ಕಾಣಲು ಒಂದು ವರ್ಷ. ರಜೆಯಲ್ಲೇ ಮಾಡಿಸಿ, ಅಡ್ಡಿಯಿಲ್ಲ. ಆದರೆ ಮಾರ್ಚಿನಲ್ಲೇ ಶಾಲೆಯವರ ಜೊತೆ ಮಾತಾಡಿ: ನೆಲಮಹಡಿಯ ತರಗತಿ, ಹಿಡಿಕೆ ಇರುವ ಕಮೋಡ್, ಪಾದ ನೆಲಕ್ಕೆ ತಾಗುವ ಎತ್ತರದ ಕುರ್ಚಿ, ಮೊದಲ ಮೂರು ತಿಂಗಳು ಅರ್ಧ ದಿನದ ಹಾಜರಿ.